ಅಪ್ಪನ ಎರಡು ಪ್ಯಾಂಟು

ಕಡಿಮೆ ಸಾಮಾನಿನ ಸುಖದ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಠಾಣೆ ಶಹರದಲ್ಲಿದ್ದ ಸೋದರಮಾವ ಬೇಸಿಗೆಯಲ್ಲಿ ಡೊಂಬಿವಲಿಯ ನಮ್ಮ ಚಾಳಿನ ಮನೆಗೆ ಬಂದಾಗಲೆಲ್ಲ ಅವ್ವನಿಗೆ ಅದನ್ನೇ ಹೇಳುತ್ತಿದ್ದ: “ಅಕ್ಕಾ, ಎಷ್ಟ್ ಕಮ್ಮಿ ಸಾಮಾನದಾಗ ಆರಾಮ ಇದ್ದೀರಿ. ನಮ್ಮನ್ಯಾಗ ಕಪಾಟಿನ ಬಾಗ್ಲಾನೂ ಮುಚ್ಚಂಗಿಲ್ಲ.”

ಅಪ್ಪನಿಗೆ ಇದ್ದದ್ದು ಎರಡೇ ಪ್ಯಾಂಟು. ಬಿಸಿಲಿದ್ದಾಗ ಸಾಕಾಗುತ್ತಿದ್ದವು. ಮಳೆಗಾಲದಲ್ಲಿ ಒಗೆದದ್ದು ಒಣಗುತ್ತಿರಲಿಲ್ಲ. ಅವ್ವ ಶೇಗಡಿ ಒಲೆಯ ಕೆಂಡವನ್ನು ತಂಬಿಗೆಗೆ ತುಂಬಿ, ಅದರಿಂದ ತೀಡಿ ತೀಡಿ ಒಣಗಿಸುತ್ತಿದ್ದಳು.

ಒಂದು ಜುಲೈನಲ್ಲಿ ಮಾವ ತೊಯ್ದು ತೊಪ್ಪೆಯಾಗಿ ಬಂದ. ಅವ್ವ ಆಗಷ್ಟೇ ಒಣಗಿಸಿದ್ದ ಅಪ್ಪನ ಪ್ಯಾಂಟು ಹಾಕಿಕೊಂಡು, ತನ್ನದನ್ನು ಹಿಂಡಿ ಚೀಲಕ್ಕೆ ತುರುಕಿಕೊಂಡು ಹೋದ. ಅಪ್ಪ ತನ್ನ ಇನ್ನೊಂದು ಹಸಿ ಪ್ಯಾಂಟಿನಲ್ಲೇ ಶಹಾಡಿನ ಕಾರ್ಖಾನೆಗೆ ಹೊರಟ. ಆ ಮಳೆಗಾಲವಿಡೀ ಹಾಗೆಯೇ ಹೋದ.

ಪ್ಯಾಂಟು ತಿರುಗಿ ಬಂದದ್ದು ದೀಪಾವಳಿಗೆ, ಇಸ್ತ್ರಿ ಹಾಕಿಸಿಕೊಂಡು.