ರೈಟರ್ ರುದ್ರಸ್ವಾಮಿಯ ಹದಿನಾಲ್ಕು ಬೀಟೆಮರ

ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಕಬಿನಿ ಹೊಳೆಯ ದಡದ ಮರದ ಡಿಪೋಗೆ ರುದ್ರಸ್ವಾಮಿ ಲೆಕ್ಕ ಬರೆಯುವ ರೈಟರಾಗಿ ಬಂದದ್ದು ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ. ಸಾಲಿಗ್ರಾಮದವನು, ಲೋಯರ್ ಸೆಕೆಂಡರಿ ಪಾಸು. ತಲೆಗೆ ಪೇಟ, ಮೈಗೆ ಕೋಟು, ಕಂಕುಳಲ್ಲಿ ಪದಾರ್ಥ ವಿಜ್ಞಾನದ ಪುಸ್ತಕ. ಅದರಲ್ಲಿ ಮೊದಲ ಮೂರು ಪಾಠ ಮಾತ್ರ ಉಳಿದಿದ್ದವು. ಮಿಕ್ಕಿದ್ದನ್ನು ಗೆದ್ದಲು ಓದಿ ಮುಗಿಸಿತ್ತು. ಮೂರು ಪಾಠದಲ್ಲೇ ಪ್ರಪಂಚವೆಲ್ಲ ಅಡಗಿದೆಯೆಂದು ರುದ್ರಸ್ವಾಮಿಗೆ ಖಾತರಿಯಾಗಿತ್ತು.

ಆ ಕಾರ್ತಿಕದಲ್ಲಿ ಕಂಟ್ರಾಕ್ಟರ್ ಶಿವನಂಜಪ್ಪನವರಿಂದ ಹೇಳಿಕೆ ಬಂತು: ಹೊಸದಾಗಿ ಕಡಿದ ಹದಿನಾಲ್ಕು ಬೀಟೆ ದಿಮ್ಮಿಗಳನ್ನು ಹೊಳೆಯಲ್ಲಿ ನಂಜನಗೂಡಿಗೆ ತೇಲಿಬಿಡಬೇಕು. ಬಿದಿರು ಕಡಿಯುವ ಆಳುಗಳ ಮುಂದಾಳು ಕುಳ್ಳಮ್ಮ ಕೂಡಲೇ ಕತ್ತಿ ಹಿಡಿದು ಹೊರಟಳು. ರೈಟರು ತಡೆದ.

"ಬಿದಿರು ಯಾತಕ್ಕೆ?"

"ದಿಮ್ಮಿಯ ಎರಡೂ ಮಗ್ಗುಲಿಗೆ ಕಟ್ಟಾಕೆ, ಬುದ್ಧಿ."

"ಕಟ್ಟೋದೇ ಬೇಡ. ಮರ ತೇಲುವ ಪದಾರ್ಥ, ಕಲ್ಲು ಮುಳುಗುವ ಪದಾರ್ಥ. ಅದು ಅದರದರ ಗುಣ. ಹೋದ ತಿಂಗಳು ತೇಗ ತೇಲಲಿಲ್ಲವೇ?"

"ತೇಗ ಎಲ್ಡು ವರ್ಸ ನಿಂತಲ್ಲೇ ಒಣಗಿತ್ತು ಬುದ್ಧಿ. ಇದು ಅಸಿ ಬೀಟೆ. ಬಿದ್ರು ಕಟ್ದೆ ಬುಟ್ರೆ ತಳ ಸೇರ್ತದೆ."

ರುದ್ರಸ್ವಾಮಿ ಮುಗುಳ್ನಕ್ಕು, ಚೊಂಬಿನ ನೀರಿಗೆ ತನ್ನ ಪೆನ್ಸಿಲ್ ಹಾಕಿದ. ಅದು ತೇಲಿತು. ಸುತ್ತ ನಿಂತಿದ್ದ ಆಳುಗಳು ತಲೆಯಾಡಿಸಿದರು. ಕೋಟು ತೊಟ್ಟವರು ಏನು ಮಾಡಿದರೂ ತಲೆಯಾಡಿಸುವುದು ಅವರ ರೂಢಿ.

"ಆ ಕಡ್ಡಿ ತೇಲ್ತು, ದಿಟ," ಎಂದಳು ಕುಳ್ಳಮ್ಮ. "ಈ ಬೀಟೇದೇ ಒಂದು ಚಕ್ಕೆ ಆಕಿ ನೋಡಿ ಬುದ್ಧಿ."

ಹೆಣ್ಣಾಳೊಬ್ಬಳು ತನಗೆ ಪರೀಕ್ಷೆ ಒಡ್ಡುವುದೇ? ರೈಟರು ಚೊಂಬಿನ ನೀರನ್ನು ನೆಲಕ್ಕೆ ಚೆಲ್ಲಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

ಮಾರನೆಯ ಬೆಳಿಗ್ಗೆ ಮೊದಲ ದಿಮ್ಮಿಯನ್ನು ಉರುಳಿಸಿದರು. ಗುಡುಮ್ಮೆಂದು ಬಿದ್ದ ಕಡೆ ನಾಲ್ಕು ಗುಳ್ಳೆ ಎದ್ದವು, ಅಷ್ಟೇ.

"ತಡೀರಿ, ಏಳುತ್ತೆ," ಎಂದ ರುದ್ರಸ್ವಾಮಿ.

ಏಳಲಿಲ್ಲ. ಎರಡನೆಯದೂ ಏಳಲಿಲ್ಲ, ಐದನೆಯದೂ ಏಳಲಿಲ್ಲ. ರೈಟರು ದಡದಂಚಿಗೆ ಬಂದು ನೀರಿನೊಳಗೆ ಇಣುಕಿದ. ಆದರೆ ನಡುವೆ ನಿಲ್ಲಿಸಿದರೆ ಕುಳ್ಳಮ್ಮನ ಮಾತು ಸರಿಯೆಂದು ಒಪ್ಪಿದ ಹಾಗಾಗುತ್ತಿತ್ತು. ಆದ್ದರಿಂದ ಹದಿನಾಲ್ಕನ್ನೂ ಉರುಳಿಸಿಬಿಟ್ಟ.

ಸಂಜೆ ಇಂಗ್ಲಿಷಿನಲ್ಲಿ ರಿಪೋರ್ಟು ಬರೆದ. ಈ ಹೊಳೆಯ ನೀರು ತೀರಾ ತೆಳುವೆಂದೂ, ಜೊತೆಗೆ ಕುಳ್ಳಮ್ಮನೆಂಬ ಆಳು ಬೇಕೆಂದೇ ಬಿದಿರು ಕಟ್ಟಲಿಲ್ಲವೆಂದೂ ಅದರಲ್ಲಿತ್ತು. ಶಿವನಂಜಪ್ಪನವರಿಗೆ ಇಂಗ್ಲಿಷ್ ಬಾರದು, ರೈಟರೇ ಓದಿ ಅರ್ಥ ಹೇಳಿದ; ಬಾರದ ಭಾಷೆಯಲ್ಲಿ ಬರೆದದ್ದು ಸುಳ್ಳಿರಲಾರದೆಂದು ನಂಬಿದರು. ಕುಳ್ಳಮ್ಮನ ಕೆಲಸ ಹೋಯಿತು.

ಮಾಘದಲ್ಲಿ ಹೊಳೆ ಇಳಿದು, ತಿಳಿನೀರಿನಡಿ ದಿಮ್ಮಿಗಳ ಬೆನ್ನು ಕಾಣಿಸಿತು. ಆಳುಗಳು ಎಳೆದರು, ನಾಲ್ಕು ಜೊತೆ ಎತ್ತು ಎಳೆದವು. ಒಂದೂ ಮಿಸುಕಲಿಲ್ಲ. ಕೊನೆಗೆ ಕಂಟ್ರಾಕ್ಟರು ಕುಳ್ಳಮ್ಮನಿಗೇ ಹೇಳಿಕಳಿಸಿದರು.

"ಬತ್ತೀನಿ," ಎಂದಳಂತೆ ಅವಳು. "ಆದ್ರೆ ರೈಟ್ರೂ ನೀರಿಗೆ ಇಳೀಬೇಕು."

ಕೋಟು, ಪೇಟ ದಡದಲ್ಲಿಟ್ಟು ರುದ್ರಸ್ವಾಮಿ ನಡುಮಟ್ಟದ ತಣ್ಣೀರಿನಲ್ಲಿ ನಿಂತ. ಹಲ್ಲು ಕಟಕಟ ಅನ್ನುತ್ತಿತ್ತು. ಕುಳ್ಳಮ್ಮ ಬಿದಿರಿನ ಕಂತೆಗಳನ್ನು ಆಳುಗಳಿಂದಲೂ ರೈಟರಿಂದಲೂ ನೀರಿನೊಳಕ್ಕೆ ಒತ್ತಿ ಹಿಡಿಸಿ, ದಿಮ್ಮಿಯ ಎರಡೂ ಮಗ್ಗುಲಿಗೆ ಹಗ್ಗದಿಂದ ಬಿಗಿದಳು. "ಕೈ ಬುಡಿ ಬುದ್ಧಿ," ಎಂದಳು. ದಿಮ್ಮಿ ಒಮ್ಮೆ ಅಲುಗಿ, ಮಲಗಿದ್ದ ಎಮ್ಮೆ ಏಳುವ ಹಾಗೆ ಮೆಲ್ಲಗೆ ಮೇಲೆದ್ದು ಅವನ ಹೊಟ್ಟೆಗೆ ತಾಗಿತು. ಮೂರು ಆಳುದ್ದದ ಮರವನ್ನು ಅವನು ಒಂದೇ ಅಂಗೈಯಿಂದ ಆಚೆ ತಳ್ಳಿದ, ಅದು ಸರಿಯಿತು.

ಅದು ಹೇಗೆಂದು ಕೇಳಲು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ದಡದ ಮೇಲೆ ಕಂಟ್ರಾಕ್ಟರು ಕಂಡರು.

"ನಾನು ಆಗಲೇ ಹೇಳಿರಲಿಲ್ಲವೇ, ಮರ ತೇಲುತ್ತೆ ಅಂತ!" ಎಂದು ಕೂಗಿದ.

"ಊಂ ಬುದ್ಧಿ, ತೇಲ್ತದೆ," ಎಂದಳು ಕುಳ್ಳಮ್ಮ. "ಇನ್ನೂ ಅದಿಮೂರು ಅವೆ. ಆ ಕಡೆ ಅಗ್ಗ ಇಡ್ಕಳಿ."

ಕೆಲಸಕ್ಕೆ ಮೂರು ದಿನ ಹಿಡಿಯಿತು, ರೈಟರಿಗೆ ಒಂದು ವಾರ ಜ್ವರ ಹಿಡಿಯಿತು. ಎದ್ದ ಮೇಲೆ ಬರೆದ ರಿಪೋರ್ಟಿನಲ್ಲಿ ಬಿದಿರು ಕಟ್ಟಿ ಬೀಟೆ ತೇಲಿಸುವ ನೂತನ ವಿಧಾನ ಅವನದೇ ಆಗಿತ್ತು. ಅದಕ್ಕಾಗಿ ಅವನನ್ನು ಹೆಡ್ ರೈಟರ್ ಮಾಡಿದರು. ಕುಳ್ಳಮ್ಮ ಹಳೆಯ ಕತ್ತಿ ಹಿಡಿದು ಹಳೆಯ ಕೆಲಸಕ್ಕೇ ಮರಳಿದಳು. ಆದರೂ ಮುಂದಿನ ವರ್ಷದಿಂದ, ದಿಮ್ಮಿ ಉರುಳಿಸುವ ಮುಂಚೆ ಹೆಡ್ ರೈಟರು ಹೊಳೆಯ ಕಡೆ ಮುಖ ತಿರುಗಿಸಿಕೊಂಡು, ಯಾರನ್ನೂ ಕೇಳದವನ ಹಾಗೆ ಕೇಳುತ್ತಿದ್ದ: "ಬಿದಿರು ಇಷ್ಟು ಸಾಕೇನು?"