ಪುಂಡಿ ಕೊಳೆಹಾಕಿದ ಕೆರೆ

ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಹೇಳುವವರು ಪ್ರತಿ ಸಲ ಒಂದಿಷ್ಟು ಬದಲಿಸಿ ಹೇಳುತ್ತಾರೆ. ನಾನೂ ಬದಲಿಸಿರಬಹುದು, ಓದುವವರು ಅದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು.

ನಿಜಾಮಶಾಹಿ ಹೋಗಿ ಸ್ವಲ್ಪ ಕಾಲವಾಗಿತ್ತು. ಸುರಪುರದ ಹತ್ತಿರ, ದೇವಾಪುರದ ಆಚೆಗಿನ ಒಂದು ಊರಲ್ಲಿ ನಾನು ಮಾಸ್ತರನಾಗಿದ್ದೆ. ಗುಡ್ಡದ ಬುಡದಲ್ಲಿ ಕೆರೆ, ಸುತ್ತ ಜೋಳದ ಹೊಲ. ಹಗ್ಗ ಹೊಸೆಯಲು ನಾರು ಬೇಕೆಂದು ರೈತರು ಪುಂಡಿ ಗಿಡದ ದಂಟುಗಳನ್ನು ಆ ಕೆರೆಯಲ್ಲಿ ಕೊಳೆಹಾಕುತ್ತಿದ್ದರು. ಪುಂಡಿ ಕೊಳೆತರೆ ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತವೆ. ಅದಕ್ಕೆ ಮೊದಲಿನಿಂದ ಒಂದು ಕಟ್ಟಳೆಯಿತ್ತು: ಅಂಬಿಗರು ಮೀನು ಹಿಡಿದು ಮುಗಿಸಿದ ಮೇಲೆಯೇ, ಅದೂ ಒಂದು ಮೂಲೆಯಲ್ಲಿ, ಪುಂಡಿ ಇಳಿಸಬೇಕು. ಅಪ್ಪಣೆ ಕೊಡುತ್ತಿದ್ದವನು ಹಳೆಯ ಸರ್ಕಾರದ ಕೆರೆ ಕಾವಲಿನವನು. ಆ ವರ್ಷ ಅವನಿರಲಿಲ್ಲ. ಇನ್ನು ಯಾರನ್ನು ಕೇಳಬೇಕೆಂಬುದು ಯಾರಿಗೂ ತಿಳಿಯದು. ಒಬ್ಬ ಇಳಿಸಿದ, ಅದನ್ನು ಕಂಡು ಎಲ್ಲರೂ ಇಳಿಸಿದರು.

ಅಂಬಿಗರ ಭೀಮಪ್ಪನಿಗೆ ಆ ಕೆರೆಯ ಮೀನು ಬಿಟ್ಟರೆ ಬೇರೆ ಬದುಕಿರಲಿಲ್ಲ. ಪುಂಡಿ ತೆಗೆಯಿರೆಂದು ಹೊಲದವರನ್ನು ಬೇಡಿಕೊಂಡ. ಒಬ್ಬ ನಕ್ಕ.

"ನಿಜಾಮಂದೇ ದರ್ಬಾರ ಮುಗದದ ಭೀಮಪ್ಪ. ನಿನ್ನ ಮೀನಿಂದು ಇನ್ನೂ ನಡದದ ಏನು?"

"ನಡೀಲಾರದ್ದಕ್ಕ ಕೇಳಾಕತ್ತೇನ್ರಿ ಗೌಡ್ರ," ಎಂದ ಭೀಮಪ್ಪ.

ಮೀನು ಸಾಯುವ ಮೊದಲು ಹಿಡಿದುಬಿಡುವುದೊಂದೇ ದಾರಿ. ಅವತ್ತು ಸಂಜೆ ಅವನು ಬಲೆ ಇಳಿಸಿದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಮೊಣಕಾಲುದ್ದ ನೀರು, ಆ ನಾತಕ್ಕೆ ಸ್ವಲ್ಪ ಹೊತ್ತಿನಲ್ಲೇ ಮೂಗು ಸತ್ತುಹೋಯಿತು. ಆಗ ಮೀನು ತಾಕಿದವು. ಒಂದೆರಡಲ್ಲ. ಕಣಕಾಲಿಗೆ ಒತ್ತೊತ್ತಾಗಿ, ತಣ್ಣಗೆ, ಎಲ್ಲವೂ ಗುಡ್ಡದ ದಿಕ್ಕಿಗೆ. ಬಲೆ ಎಳೆದೆವು. ಒಂದು ಮೀನೂ ಇರಲಿಲ್ಲ. ಬಲೆ ಹರಿದಿರಲಿಲ್ಲ. ಕತ್ತಲಾಗುವ ತನಕ ಎಳೆದೆವು. ಮರುದಿನ ನೀರು ಇನ್ನೂ ಕಪ್ಪಗಿತ್ತು, ಆದರೆ ಒಂದೂ ಸತ್ತ ಮೀನು ತೇಲಿ ಬರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಶಾಲೆಗೆ ಹೋಗಿ ಮಗ್ಗಿ ಹೇಳಿಸಿದೆ. ಭೀಮಪ್ಪ ಹೆಂಡತಿಯನ್ನು ಕರೆದುಕೊಂಡು ಕೃಷ್ಣೆಯ ಕಡೆ ಊರು ಬಿಟ್ಟು ಹೋದ.

ಬಹಳ ವರ್ಷಗಳ ಮೇಲೆ ಶಹಾಪುರದ ಸಂತೆಯಲ್ಲಿ ಸಿಕ್ಕ. ಹೊಳೆಯ ಮೀನು ಮಾರುತ್ತಿದ್ದ. ನಾವಿಬ್ಬರೂ ನೀರಲ್ಲಿ ನಿಂತದ್ದು, ಕಾಲಿಗೆ ಮೀನು ತಾಕಿದ್ದು, ಎಲ್ಲ ಹೇಳಿದೆ. ಅವನು ನನ್ನನ್ನೇ ನೋಡಿದ.

"ನೀವು ನೀರಿಗಿ ಇಳದಿಲ್ರಿ ಮಾಸ್ತರ. ಧೋತರ ಎತ್ತಿ ಹಿಡಕೊಂಡು ದಂಡಿ ಮ್ಯಾಗ ನಿಂತಿದ್ರಿ. ಆ ಕಡಿ ಬಲಿ ಹಿಡದಾಕಿ ನನ್ನ ಹೆಂಡ್ತಿ."

ಇರಬಹುದೆಂದೆ. ನನ್ನ ನೆನಪಿಗಿಂತ ಅವನದೇ ಸರಿ ಎಂದು ಒಪ್ಪಿ ಹೊರಡುವವನಿದ್ದೆ. ಅವನು ತಕ್ಕಡಿ ಕೆಳಗಿಟ್ಟ.

"ಆದ್ರ ಮೀನು ನನ್ನ ಕಾಲಿಗಿ ತಾಗಿದ್ದು ಖರೇ ಅದ. ಅದನ್ನ ನಾ ಯಾರಿಗೂ ಹೇಳಿಲ್ಲ, ಆಕಿಗೂ. ನಿಮಗ ಹ್ಯಾಂಗ ಗೊತ್ತಾತ್ರಿ?"

ಅಷ್ಟರಲ್ಲಿ ಗಿರಾಕಿ ಬಂದರು. ನಾನು ಪಕ್ಕಕ್ಕೆ ಸರಿದು ನಿಂತೆ. ಅವನು ಮೀನು ತೂಗುತ್ತ ನಡುನಡುವೆ ನನ್ನ ಕಡೆ ನೋಡುತ್ತಿದ್ದ, ಉತ್ತರಕ್ಕೆ.