ಪುರಾಣದ ವಸ್ತ್ರದೊಳಗೆ ಕೊಲೆ

ಮೊದಲು ಅಕ್ಷರಗಳು ಮಂಜಾದವು. ಆದೋನಿಯ ನಮ್ಮ ಹತ್ತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಂಗ್ಲಿಷ್ ಕಾದಂಬರಿ ಓದುತ್ತಿದ್ದೆ. ಯಾರೋ ದೊರೆಯ ಕೊಲೆಯಾಗಿತ್ತು. ಅದೇ ಮನೆಯಲ್ಲಿ ಪ್ರೇಮವೂ ನಡೆದಿತ್ತು. ಪುಸ್ತಕ ಗುಂತಕಲ್ಲಿನ ಸ್ಟೇಷನ್ನಿನಲ್ಲಿ ಕೊಂಡದ್ದು. ಕಣ್ಣು ಮಂಜೆಂದರೆ, ಏನು ಓದುತ್ತಿದ್ದೆ ಎಂದು ಮನೆಯಲ್ಲಿ ಕೇಳುತ್ತಾರಲ್ಲ! ಸುಮ್ಮನಿದ್ದೆ. ನಲವತ್ತು ದಾಟಿದ ದಲಾಲ, ಹಣೆ ತುಂಬ ವಿಭೂತಿ, ಕೈಯಲ್ಲಿ ಇಂಥ ಪುಸ್ತಕ. ಥೂ ಎಂದುಕೊಳ್ಳುತ್ತಲೇ ಹಾಳೆ ತಿರುವುತ್ತಿದ್ದೆ.

ಕೊನೆಗೆ ಒಳ್ಳೆಯ ಹತ್ತಿಗೂ ಕೊಳೆ ಹತ್ತಿಗೂ ವ್ಯತ್ಯಾಸ ಕಾಣದಾದಾಗ ಬಳ್ಳಾರಿಯ ಆಸ್ಪತ್ರೆಗೆ ಹೋದೆ.

ಎರಡೂ ಕಣ್ಣಿಗೆ ಪೊರೆ.

ಒಂದು ಕಣ್ಣಿಗೆ ಆಪರೇಷನ್ ಆಯಿತು. ಬ್ಯಾಂಡೇಜ್ ಎರಡಕ್ಕೂ ಕಟ್ಟಿದರು. ತಲೆಯ ಎರಡು ಕಡೆ ಮರಳಿನ ಚೀಲ. ಕೆಮ್ಮಬಾರದು, ನಗಬಾರದು, ಹೊರಳಬಾರದು. ನನಗೋ ಒಂದು ಕಡೆ ಕೂತೇ ಗೊತ್ತಿಲ್ಲ. ಕಾಲಾಡಿಸಿದೆ, ಕತ್ತು ತಿರುಗಿಸಿದೆ. ಡಾಕ್ಟರು ಸಿಟ್ಟಾಗಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗದರಿದರು.

"ಕದಲೊದ್ದಂಡೀ! ಅಲುಗಿದ್ರ ಗಾಯ ಬಿಚ್ಚತೈತಿ, ಕಣ್ಣು ಹೋಗತೈತಿ. ಇವರಿಗೆ ಯಾರರ ಏನರ ಓದಿ ಹೇಳ್ರಿ."

"ಪುರಾಣ ತಂದೀನ್ರಿ," ಎಂದಳು ಅವ್ವ.

ಯಾವುದನ್ನು ತಂದಳೋ ಎಂದು ಹೆದರಿದೆ. ನಮ್ಮ ಮನೆಯಲ್ಲಿ ಪುರಾಣವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಡುತ್ತೇವೆ. ಸ್ನಾನ ಮಾಡದೆ ಯಾರೂ ಮುಟ್ಟುವುದಿಲ್ಲ. ಯಾರ ಕೈಗೂ ಸಿಗಬಾರದೆಂದು ನಾನು ಕಾದಂಬರಿಯನ್ನೂ ಅಂಥದೇ ವಸ್ತ್ರದಲ್ಲಿ ಸುತ್ತಿ ಅಲ್ಲೇ ಇಟ್ಟಿದ್ದೆ. ಅವ್ವ ಮಿಂದು ಬಂದು, ಅದನ್ನೇ ಎತ್ತಿ ತಂದಿದ್ದಳು.

ಹೈಸ್ಕೂಲಿಗೆ ಹೋಗುವ ನನ್ನ ಮಗಳು ಗಿರಿಜಾ ವಸ್ತ್ರ ಬಿಚ್ಚಿದಳು. ನನ್ನ ಕಿವಿಯ ಹತ್ತಿರ ಬಾಗಿ, "ಅಪ್ಪಾ, ಇದು ಪುರಾಣ ಅಲ್ಲ," ಎಂದಳು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಕೊಂದವರು ಯಾರೆಂದು ತಿಳಿಯುವ ಆಸೆ ಬಿಡಲಿಲ್ಲ. "ಓದವಾ," ಎಂದೆ.

"ಇಂಗ್ಲಿಷಿನ್ಯಾಗೂ ಛಾಪಿಸ್ಯಾರೇನು?" ಎಂದಳು ಅವ್ವ.

"ಅಜ್ಜಿ ಕೈಮುಗದು ಕುಂತಾಳಪ್ಪ," ಎಂದು ಗಿರಿಜಾ ಪಿಸುಗುಟ್ಟಿ ಓದತೊಡಗಿದಳು.

ದೊರೆಯ ತಂಗಿಯನ್ನು ಒಬ್ಬ ತೋಟದಲ್ಲಿ ತಬ್ಬಿಕೊಳ್ಳುವ ಕಡೆ ಅವಳ ದನಿ ನಿಂತಿತು. ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ಮಗಳ ಬಾಯಲ್ಲಿ ಇದನ್ನೆಲ್ಲ ಓದಿಸುವ ಅಪ್ಪ ನಾನು! ಆಗ ನನ್ನ ಕೈಮೇಲೆ ಟವೆಲ್ ಬಿತ್ತು. ಅದರ ಕೆಳಗೆ ಅವಳು ನನ್ನ ಎರಡು ಬೆರಳು ಹಿಡಿದು ಒತ್ತಿದಳು. ಹತ್ತಿ ವ್ಯಾಪಾರದಲ್ಲಿ ನಾವು ಬೆಲೆಯನ್ನು ಬಾಯಿಬಿಟ್ಟು ಹೇಳದೆ ಹೀಗೇ ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಅಂಗಡಿಯಲ್ಲಿ ನೋಡಿ ಕಲಿತಿದ್ದಳು. ಎರಡು ಹಾಳೆ ಬಿಡುತ್ತೇನೆ ಎಂದು ಅರ್ಥ. ನಾನೂ ಒತ್ತಿ ಒಪ್ಪಿದೆ.

"ಆಸ್ಪತ್ರ್ಯಾಗೂ ವ್ಯಾಪಾರೇನೋ ನಿಂದು?" ಎಂದು ಅವ್ವ ಗದರಿದಳು. ನಗು ಬಂತು, ನಗುವಂತಿರಲಿಲ್ಲ.

ಬ್ಯಾಂಡೇಜ್ ಬಿಚ್ಚುವವರೆಗೂ ಓದು ಹೀಗೇ ಸಾಗಿತು. ಕೊಲೆಗಾರ ಸಿಕ್ಕ, ಹೇಗೆ ಸಿಕ್ಕನೆಂದು ಮಾತ್ರ ತಿಳಿಯಲಿಲ್ಲ. ಸುಳಿವೆಲ್ಲ ಬಿಟ್ಟ ಹಾಳೆಗಳಲ್ಲೇ ಇತ್ತೇನೋ. ಆದರೆ ನಾನು ಅಲುಗಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ಮೇಲೆ ಡಾಕ್ಟರು ಕನ್ನಡಕದ ದಪ್ಪ ಗಾಜೊಂದನ್ನು ಕಣ್ಣೆದುರು ಹಿಡಿದರು.

ಅವ್ವ ಕಂಡಳು.

ಕೆನ್ನೆ ಒಳಗೆ ಹೋಗಿತ್ತು. ಮಗನಿಗೆ ಕಣ್ಣು ಬರುವ ತನಕ ಉಪ್ಪು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದಳಂತೆ. ಗಿರಿಜಾ ಆಗ ಹೇಳಿದಳು. ಆ ಮುದಿಜೀವ ಸಪ್ಪೆ ಅಂಬಲಿ ನುಂಗುತ್ತಿದ್ದಾಗ ನಾನು ಯಾವುದೋ ಊರಿನ ಯಾವುದೋ ದೊರೆಯ ಹೆಣದ ಸುತ್ತ ಮನಸ್ಸನ್ನು ಅಲೆಯಬಿಟ್ಟು ಮಲಗಿದ್ದೆ. ನಾಚಿಕೆ ತಡೆಯಲಾಗಲಿಲ್ಲ.

"ಅವ್ವಾ, ಅದು ಪುರಾಣ ಅಲ್ಲ. ಬರೇ ಕೊಲಿ, ಪ್ರೀತಿ-ಗೀತಿ. ನೀ ಸುಳ್ಳ ಕೈಮುಗದಿ..."

"ಗೊತ್ತೈತಿ ಬಿಡೋ. ಪುರಾಣ ಹಚ್ಚಿದ್ರ ನೀ ಎಂದರ ಸುಮ್ಮನ ಕುಂತೀಯೇನು? ಸಣ್ಣಾಂವಿದ್ದಾಗಿಂದ ಎದ್ದು ಓಡಾಂವ. ನನ್ನ ಮಗನ್ನ ಅಲುಗದಂಗ ಹಿಡದಿದ್ದು ಆ ಪುಸ್ತಕ. ಅದಕ್ಕ ಮುಗದೆ."

ಇನ್ನೊಂದು ಕಣ್ಣಿನ ಆಪರೇಷನ್ ಉಳಿದಿದೆ. ಏನಾಗುತ್ತದೋ ಗೊತ್ತಿಲ್ಲ, ಒಂದಾದರೂ ಬಂತು, ಶಿವನು ದೊಡ್ಡವನು. ಗಿರಿಜಾ ತಟ್ಟೆಯಲ್ಲಿ ರೊಟ್ಟಿ, ಉಪ್ಪು, ಖಾರ ಇಟ್ಟಳು. ಅವ್ವ ರೊಟ್ಟಿ ಮುರಿದು ಉಪ್ಪಿನಲ್ಲಿ ಅದ್ದಿ, ಮೊದಲ ತುತ್ತನ್ನು ನನ್ನ ಬಾಯಿಗೇ ಹಿಡಿದಳು. ಬಾಯಿ ತೆರೆದೆ. ಬಂದ ಕಣ್ಣನ್ನು ಎತ್ತಿ ಆಕೆಯ ಮುಖ ನೋಡಲಾಗಲಿಲ್ಲ.